ಕುಂಕುಮ ಹಚ್ಚಿದ ಕಂಪ್ಯೂಟರು

ಈ ಸಂಗತಿಯನ್ನು ಹೇಳಿಬಿಡಬೇಕೆಂದು ಬಾಯಿ ತೆರೆದು, ಹೇಳದೆ ಮುಚ್ಚಿಕೊಂಡು, ನಾನು ಬಹಳ ಕಾಲ ತಳ್ಳಿದ್ದೇನೆ. ಮೊದಲು ದೀಪಾವಳಿ ಮುಗಿಯಲಿ ಎಂದೆ. ಆಮೇಲೆ ಮೊಮ್ಮಗಳ ಪರೀಕ್ಷೆ ಮುಗಿಯಲಿ ಎಂದೆ. ಅಷ್ಟರಲ್ಲಿ ಬಳ್ಳಾರಿಯ ಬೇಸಿಗೆ ಬಂತು. ಆ ಬಿಸಿಲಿನಲ್ಲಿ ತಪ್ಪು ಒಪ್ಪಿಕೊಳ್ಳುವುದಕ್ಕೆ ಯಾರಿಗೂ ತ್ರಾಣ ಇರುವುದಿಲ್ಲ, ಕೇಳಿಸಿಕೊಳ್ಳುವುದಕ್ಕೂ ಇರುವುದಿಲ್ಲ. ಎಲ್ಲರೂ ಫ್ಯಾನಿನ ಕೆಳಗೆ ನೆಲದ ಮೇಲೆ ಅಂಗಾತ ಬಿದ್ದಿರುತ್ತಾರೆ. ಹೀಗೆ ದೂಡುತ್ತ ದೂಡುತ್ತ ಇನ್ನೊಂದು ಆಯುಧಪೂಜೆಯೂ ಬಂದು ಹೋಯಿತು. ಆವತ್ತು ಕಂಡದ್ದನ್ನು ಕಂಡ ಮೇಲೆ ಇನ್ನು ಸುಮ್ಮನಿರುವುದು ಆಗದ ಮಾತು.

ತಪ್ಪೇನೋ ಸಣ್ಣದು. ಪೊಲೀಸರಿಗೆ ಹೇಳಿದರೆ ನಗುತ್ತಾರೆ. ಆದರೆ ಮಾಡಿದವನು ನಾನು, ಹೊತ್ತವರು ಬೇರೆ. ಅದರ ಭಾರ ಅಲ್ಲಿದೆ.

ನಾನು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಯಂತ್ರ ನಡೆಸಿ ಆಯುಷ್ಯ ಕಳೆದವನು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಆ ಕಾಲಕ್ಕೆ ಗಿರಣಿಯಲ್ಲಿ ಅಷ್ಟು ಓದಿದವನೆಂದರೆ ಮಾಲೀಕರ ನಂತರ ನಾನೇ. ಮೋಟರಿನ ಸದ್ದು ಕೇಳಿ ಯಾವ ಬೆಲ್ಟು ಸಡಿಲಾಗಿದೆ ಎಂದು ಹೇಳುತ್ತಿದ್ದೆ. ‘ಈರಣ್ಣನ ಕೈ ಬಿದ್ದರ ಯಂತ್ರ ತಾನ ಮಾತಾಡ್ತತಿ’ ಎಂದು ಹಮಾಲರು ಹೇಳುತ್ತಿದ್ದರು. ಅವರು ಅದನ್ನು ಚಹಾ ಕುಡಿಸಲಿ ಎಂದು ಹೇಳುತ್ತಿದ್ದರೋ ಏನೋ, ನಾನಂತೂ ನಂಬಿಬಿಟ್ಟಿದ್ದೆ. ಗಿರಣಿ ಬಿಟ್ಟು ಬಳ್ಳಾರಿಯ ಮಗನ ಮನೆಗೆ ಬಂದ ಮೇಲೂ ಆ ನಂಬಿಕೆ ನನ್ನ ಜೊತೆಯಲ್ಲೇ ಬಂತು. ಮಿಕ್ಸರ್ ನಿಂತರೆ ನನ್ನನ್ನೇ ಕರೆಯುತ್ತಾರೆ, ಇಸ್ತ್ರಿಪೆಟ್ಟಿಗೆ ಕೆಟ್ಟರೆ ನನ್ನ ಮುಂದೆಯೇ ತಂದಿಡುತ್ತಾರೆ. ಮುದುಕನಿಗೆ ಮನೆಯಲ್ಲಿ ಇರುವ ಮರ್ಯಾದೆಯ ಒಂದು ಪಾಲು ಇಂಥ ಸಣ್ಣ ರಿಪೇರಿಗಳ ಮೇಲೆ ನಿಂತಿರುತ್ತದೆ.

ನನ್ನ ಮೊಮ್ಮಗಳು ಚೈತ್ರಾ. ಕಾಲೇಜಿಗೆ ಹೋಗುತ್ತಾಳೆ, ಸಂಜೆ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾಳೆ, ಉಳಿದ ಹೊತ್ತು ಕಂಪ್ಯೂಟರಿನಲ್ಲಿ ಆಟ ಆಡುತ್ತಾಳೆ. ಹೋದ ವರ್ಷ ಅವಳಿಗೆ ಅಂಗಡಿಯ ಕಂಪ್ಯೂಟರು ಸಾಲದು, ತಾನೇ ಕೂಡಿಸಬೇಕು ಎನ್ನಿಸಿತು. ಒಂದೊಂದೇ ಡಬ್ಬಿ ಮನೆಗೆ ಬರತೊಡಗಿತು. ಕೊನೆಗೊಂದು ದಿನ ಪಡಸಾಲೆಯಲ್ಲಿ ಮಣೆ ಹಾಕಿಕೊಂಡು, ಹೆಣ್ಣು ನೋಡಲು ಬಂದವರ ಮುಂದೆ ತಿಂಡಿ ಜೋಡಿಸುವಷ್ಟು ನಾಜೂಕಾಗಿ, ಎಲ್ಲ ಭಾಗಗಳನ್ನೂ ಜೋಡಿಸಿದಳು. ನಾನೂ ನನ್ನ ಮನೆಯಾಕೆಯೂ ಎದುರಿಗೆ ಕೂತು ನೋಡಿದೆವು. ಎರಡು ಫ್ಯಾನಿರುವ ಒಂದು ಉದ್ದನೆಯ ಹಲಗೆಯನ್ನು ಚೈತ್ರಾ ಎರಡೂ ಕೈಯಿಂದ ಎತ್ತಿದಾಗ ಮನೆಯಾಕೆ ಕೇಳಿದಳು:

“ಇದೇನವ್ವಾ ತಂಗಿ, ಹೊಸ ಮಿಕ್ಸರ?”

“ಅಜ್ಜಿ, ಇದು ಗ್ರಾಫಿಕ್ಸ್ ಕಾರ್ಡ್. ಆಟದಾಗಿನ ಚಿತ್ರ ಎಲ್ಲಾ ಬರಿಯೋದು ಇದ.”

“ಚಿತ್ರ ಬರಿಯಾಕ ಎರಡು ಫ್ಯಾನ್ ಬೇಕೇನ? ನಮಗಿಬ್ಬರಿಗೂ ಸೇರಿ ಒಂದ ಐತಿ, ಅದೂ ಕೀಂವ್ ಅಂತತಿ.”

ಅದು ನನಗೆ ಹೇಳಿದ ಮಾತು. ಆ ಫ್ಯಾನಿಗೆ ಎಣ್ಣೆ ಬಿಡುತ್ತೇನೆಂದು ನಾನು ಹೇಳಿ ಬಹಳ ದಿನವಾಗಿತ್ತು.

ಕಂಪ್ಯೂಟರು ಚಾಲೂ ಆಯಿತು. ಆಟದಲ್ಲಿ ಹಿಮದ ಬೆಟ್ಟಗಳು, ಕಣಿವೆ, ಹೊಳೆ. ನಡುವೆ ಒಂದು ಬಿಳಿ ಕುದುರೆ, ಅದರ ಮೇಲೊಬ್ಬ ಸವಾರ. ಬಳ್ಳಾರಿಯ ಸುಡುಬಂಡೆಗಳನ್ನು ನೋಡಿಕೊಂಡು ಬಂದ ಕಣ್ಣಿಗೆ ಆ ಹಿಮ ಬಹಳ ಹಿತ. ಮನೆಯಾಕೆ ದಿನಾ ಸಂಜೆ ಹತ್ತಿ ತೆಗೆದುಕೊಂಡು ಚೈತ್ರಾಳ ಕೋಣೆಗೆ ಹೋಗಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬತ್ತಿ ಹೊಸೆಯುತ್ತ ಆಟ ನೋಡತೊಡಗಿದಳು. ಆಟದ ಗುರಿ ಏನು, ಶತ್ರು ಯಾರು ಎಂಬುದು ಅವಳಿಗೆ ಬೇಕಿರಲಿಲ್ಲ. ಅವಳ ಗಮನವೆಲ್ಲ ಕುದುರೆಯ ಮೇಲೆ. ಅದಕ್ಕೆ ಮಲ್ಲ ಎಂದು ಹೆಸರಿಟ್ಟಳು.

“ಮಲ್ಲಗ ನೀರು ಕುಡಿಸವ್ವಾ ತಂಗಿ. ಆಗಿಂದ ಓಡಾಕತ್ತೈತಿ.”

“ಅಜ್ಜಿ, ಇದರಾಗ ಕುದುರಿಗೆ ನೀರಡಿಕಿ ಆಗಂಗಿಲ್ಲ.”

“ಆಗ್ತತೋ ಇಲ್ಲೋ ನಿನಗೇನು ಗೊತ್ತು? ಅದರ ಬಾಯಿ ನೋಡು.”

ಚೈತ್ರಾ ನಗುತ್ತ ಯುದ್ಧವನ್ನು ಅರ್ಧಕ್ಕೆ ಬಿಟ್ಟು, ಕುದುರೆಯನ್ನು ಹೊಳೆಯಲ್ಲಿ ಇಳಿಸಿ ನಿಲ್ಲಿಸುತ್ತಿದ್ದಳು. ಕುದುರೆ ನೀರಿನಲ್ಲಿ ಸುಮ್ಮನೆ ನಿಂತಿರುತ್ತಿತ್ತು. ಅಜ್ಜಿಗೆ ಸಮಾಧಾನವಾಗುವಷ್ಟು ಹೊತ್ತು ನಿಂತು ಮತ್ತೆ ಓಡುತ್ತಿತ್ತು. ನಾನು ಹೊರಗೆ ಪೇಪರು ಹಿಡಿದು ಕೂತು ಈ ಇಬ್ಬರ ನಗು ಕೇಳುತ್ತಿದ್ದೆ. ಇದು ಸುಖವೆಂದು ಆಗ ತಿಳಿದಿರಲಿಲ್ಲ, ಗಲಾಟೆ ಎಂದುಕೊಂಡಿದ್ದೆ.

ಮನೆಯಾಕೆ, ಮನೆಯಾಕೆ ಎಂದು ಬರೆಯುತ್ತಿದ್ದೇನಲ್ಲ, ಇದಕ್ಕೊಂದು ಮಾತು ಹೇಳಬೇಕು. ಇಂದಿಗೂ ನಾನು ನನ್ನ ಹೆಂಡತಿಯ ಹೆಸರು ಹಿಡಿದು ಕರೆದವನಲ್ಲ. ನಮ್ಮ ಕಾಲದಲ್ಲಿ ಯಾರೂ ಕರೆಯುತ್ತಿರಲಿಲ್ಲ. ‘ಏ, ಕೇಳಿಲ್ಲಿ’ ಎಂದರೆ ಅವಳು. ‘ಏನ್ರಿ’ ಎಂದರೆ ನಾನು. ಆಸ್ಪತ್ರೆಯಲ್ಲಿ ನರ್ಸಮ್ಮ “ಪೇಷಂಟ್ ಹೆಸರೇನ್ರಿ?” ಎಂದು ಕೇಳಿದಾಗಲೂ ನಾನು ಮಗನ ಮುಖ ನೋಡಿದ್ದೆ. ಕಂಪ್ಯೂಟರಿನ ಕುದುರೆಗೆ ಹೆಸರಿಡುವುದು ಅವಳಿಗೆ ಒಂದು ಕ್ಷಣದ ಕೆಲಸವಾಯಿತು. ಅವಳ ಹೆಸರು ಹೇಳುವುದು ನನ್ನಿಂದ ಒಂದು ಸಂಸಾರ ಪೂರ್ತಿ ಆಗಲಿಲ್ಲ.

ಇರಲಿ. ಆಯುಧಪೂಜೆ ಬಂತು.

ಗಿರಣಿಯವರಿಗೆ ಅದು ದೊಡ್ಡ ಹಬ್ಬ. ನಮ್ಮಲ್ಲಿ ಒಂದು ಪದ್ಧತಿಯಿತ್ತು: ಬೆಲ್ಟು ಹಾಕಿದ ಯಂತ್ರಕ್ಕೆ ಪೂಜೆ ಮಾಡಬಾರದು. ವರ್ಷವಿಡೀ ದುಡಿದದ್ದು, ಒಂದು ದಿನವಾದರೂ ಹೆಗಲ ಮೇಲೆ ಏನೂ ಇಲ್ಲದೆ ನಿಲ್ಲಲಿ ಎಂದು ಎಲ್ಲ ಬೆಲ್ಟುಗಳನ್ನು ಕಳಚಿ, ಒರೆಸಿ, ವಿಭೂತಿ ಕುಂಕುಮ ಇಟ್ಟು, ಪೂಜೆಯಾದ ಮೇಲೆ ಮತ್ತೆ ಏರಿಸುತ್ತಿದ್ದೆವು. ಕಳಚುವುದೂ ಏರಿಸುವುದೂ ನನ್ನದೇ ಕೆಲಸ. ಇನ್ನೊಬ್ಬರಿಗೆ ಮುಟ್ಟಗೊಡುತ್ತಿರಲಿಲ್ಲ.

ಆ ದಿನ ಮನೆಯಲ್ಲಿ ಮಗನ ಬೈಕು, ಮಿಕ್ಸರು, ಈಳಿಗೆ ಮಣೆ ಎಲ್ಲಕ್ಕೂ ಪೂಜೆ ನಡೆದಿತ್ತು. ಚೈತ್ರಾ ಗೆಳತಿಯ ಮನೆಗೆ ಹೋಗಿದ್ದಳು. ಮನೆಯಾಕೆ ಆರತಿ ತಟ್ಟೆ ಹಿಡಿದು ಅವಳ ಕೋಣೆಯ ಬಾಗಿಲಲ್ಲಿ ನಿಂತು, “ಹೊಸಾದು ಇದಕ್ಕ ಮಾಡದಿದ್ರ ಹೆಂಗ್ರಿ?” ಎಂದಳು. ನನಗೂ ಸರಿಯೆನ್ನಿಸಿತು. “ತಡಿ, ಬೆಲ್ಟ್ ಬಿಚ್ಚತೀನಿ” ಎಂದು ಹಿಂದೆ ಹೋಗಿ, ಸ್ವಿಚ್ ಆರಿಸಿ, ಪೆಟ್ಟಿಗೆಗೆ ಸಿಕ್ಕಿಸಿದ್ದ ವೈರುಗಳನ್ನೆಲ್ಲ ಒಂದೊಂದಾಗಿ ಕಳಚಿದೆ. ಅವಳು ತಟ್ಟೆ ಹಿಡಿದು ನೋಡುತ್ತಲೇ ನಿಂತಿದ್ದಳು. ಆಮೇಲೆ ಪೆಟ್ಟಿಗೆಯ ಗಾಜಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡುಹೂವಿನ ಮಾಲೆ. ಹಿಮದ ಬೆಟ್ಟದ ಯಂತ್ರ ನೋಡನೋಡುತ್ತ ನಮ್ಮ ಸಿರುಗುಪ್ಪದ ಕಡೆಯದಾಯಿತು.

ಪೂಜೆ ಮುಗಿದ ಮೇಲೆ ವೈರುಗಳನ್ನು ಮತ್ತೆ ಹಾಕಿದೆ. ಎಲ್ಲ ವೈರಿಗೂ ಅದರದರ ಆಕಾರದ ತೂತು ಇರುತ್ತದೆ, ತಪ್ಪುವ ಮಾತಿಲ್ಲ. ಪರದೆಯಿಂದ ಬರುವ ವೈರಿಗೆ ಮಾತ್ರ ಹೊಂದುವ ತೂತು ಎರಡು ಕಡೆ ಇದ್ದವು. ಒಂದು ಮೇಲೆ, ಇನ್ನೊಂದು ಕೆಳಗೆ. ಕೆಳಗಿನದಕ್ಕೆ ಬಹಳ ಬಗ್ಗಬೇಕು, ನನ್ನ ಮೊಣಕಾಲು ಒಪ್ಪಲಿಲ್ಲ. ಮೇಲಿನದಕ್ಕೆ ಹಾಕಿದೆ. ಸ್ವಿಚ್ ಹಾಕಿದರೆ ಪರದೆ ಬೆಳಗಿತು. ಕೈಗುಣ ಎಂದುಕೊಂಡು ಹೋಳಿಗೆ ಊಟಕ್ಕೆ ಕೂತೆ.

ಮರುದಿನ ಚೈತ್ರಾಳ ಕುದುರೆ ಕುಂಟತೊಡಗಿತು. ಓಡುವುದು, ನಿಲ್ಲುವುದು, ಮತ್ತೆ ಎಲ್ಲಿಗೋ ಹಾರಿ ಬೀಳುವುದು. ಹಿಮದ ಬೆಟ್ಟ ಗೋಡೆಗೆ ಸುಣ್ಣ ಬಳಿದ ಹಾಗೆ ಒಡ್ಡೊಡ್ಡಾಗಿ ಕಾಣತೊಡಗಿತು. “ಡ್ರೈವರ್ ಪ್ರಾಬ್ಲಂ” ಎಂದಳು ಚೈತ್ರಾ. ಡ್ರೈವರ್ ಯಾರವ್ವಾ ಎಂದು ಕೇಳಿದೆ.

“ಮನುಷ್ಯ ಅಲ್ಲ ತಾತ, ಅದೊಂದು ಪ್ರೋಗ್ರಾಂ. ಕಂಪ್ಯೂಟರ್ ಹೇಳಿದ್ದು ಈ ಕಾರ್ಡಿಗೆ ತಿಳಿಯಂಗಿಲ್ಲ, ನಡುವ ಇದು ನಿಂತು ತಿಳಿಸಬೇಕು.”

“ನಮ್ಮ ಭತ್ತದ ದಲಾಲಿ ಇದ್ದಂಗ.”

“ಹಾಂ, ದಲಾಲಿ ಅನ್ಕೋ.”

ಹಾಗಾದರೆ ತಪ್ಪು ಅವನದೇ ಎಂದು ನನಗೂ ಖಾತ್ರಿಯಾಯಿತು. ಒಂದೊಂದು ಕಾಲಕ್ಕೆ ಒಬ್ಬೊಬ್ಬ ಕಣ್ಣಿಗೆ ಕಾಣದ ಅಪರಾಧಿ ಇರುತ್ತಾನೆ ನೋಡಿ. ನಮ್ಮ ಗಿರಣಿಯಲ್ಲಿ ಅವನ ಹೆಸರು ವೋಲ್ಟೇಜು. ಅಕ್ಕಿ ನುಚ್ಚಾದರೆ ವೋಲ್ಟೇಜು, ಮೋಟರು ಸುಟ್ಟರೆ ವೋಲ್ಟೇಜು, ನಾನು ಎಣ್ಣೆ ಹಾಕುವುದು ಮರೆತು ಬೇರಿಂಗು ಕಿರುಚಿದರೂ ಮಾಲೀಕರ ಮುಂದೆ “ವೋಲ್ಟೇಜ್ ಸರಿ ಇಲ್ರಿ ಧಣಿ.” ವೈದ್ಯರಿಗೆ ಎದೆಯಲ್ಲೋ ಹೊಟ್ಟೆಯಲ್ಲೋ ಗ್ಯಾಸು. ಹಿರಿಯರಿಗೆ ಕಣ್ಣುದೃಷ್ಟಿ. ಈಗಿನ ಮಕ್ಕಳಿಗೆ ಡ್ರೈವರು. ಇಂಥ ಅಪರಾಧಿಗಳಿಂದ ಬಹಳ ಉಪಕಾರವಿದೆ: ಬೈದರೆ ತಿರುಗಿ ಬೈಯುವುದಿಲ್ಲ, ಎದುರಿಗಿರುವ ಮನುಷ್ಯ ಉಳಿದುಕೊಳ್ಳುತ್ತಾನೆ. ಕಷ್ಟ ಶುರುವಾಗುವುದು ಈ ಅಪರಾಧಿ ನಿರಪರಾಧಿ ಎಂದು ಗೊತ್ತಾದಾಗ.

ಚೈತ್ರಾ ಹಳೆಯ ಡ್ರೈವರನ್ನು ಅಳಿಸಿ ಹೊಸದನ್ನು ಹಾಕಿದಳು. ಹೊಸದನ್ನು ಅಳಿಸಿ ಅದಕ್ಕಿಂತ ಹಳೆಯದನ್ನು ಹಾಕಿದಳು. ಪ್ರತಿ ಸಲವೂ ಪರದೆ ಒಂದು ಗಳಿಗೆ ಕಪ್ಪಾಗಿ, ಮತ್ತೆ ಬೆಳಗುತ್ತಿತ್ತು. ಬೆಳಗಿದ ಮೇಲೆ ಕುದುರೆ ಮತ್ತೆ ಕುಂಟುತ್ತಿತ್ತು. ಕೊನೆಗೆ ಒಳಗಿನ ಪ್ರೋಗ್ರಾಮುಗಳನ್ನೆಲ್ಲ ಅಳಿಸಿ ಮೊದಲಿನಿಂದ ಕಂಪ್ಯೂಟರು ಸಿದ್ಧ ಮಾಡಿದರೂ ಅದೇ ಕತೆ. ಆಸೆಯಿಂದ ತಾನೇ ಕಟ್ಟಿದ್ದು. ಹುಡುಗಿಯ ಮುಖ ಇಳಿದುಹೋಗಿತ್ತು. ಕಾರ್ಡು ಮಾರಿದ ಅಂಗಡಿಯವರಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಕೇಳಿದ ಮಾತು ನಮಗೂ ಕೇಳಿಸಿತು: “ಫ್ಯಾನಿನೊಳಗ ಧೂಳು ಗೀಳು ಏನರ ಹೋಗೇತೇನ್ರಿ ಮೇಡಂ?”

ಚೈತ್ರಾ ಬಗ್ಗಿ ನೋಡಿದಳು. ಗಾಜಿನ ಅಂಚಿನಲ್ಲಿ, ಜಾಲರಿಯ ಸಂದಿಯಲ್ಲಿ, ಕೆಂಪಗೆ ಕುಂಕುಮ.

“ಅಜ್ಜೀ! ನಿನ್ನ ಕುಂಕುಮ ಎಲ್ಲಾ ಒಳಗ ಹೋಗೈತಿ! ಯಾರು ಹೇಳಿದ್ರು ನಿನಗ ಇದನ್ನ ಮುಟ್ಟಾಕ?”

ಅವಳು ಹಾಗೆ ಮಾತಾಡುವ ಹುಡುಗಿಯಲ್ಲ, ಕಣ್ಣಲ್ಲಿ ನೀರಿತ್ತು. ಮನೆಯಾಕೆ ಒಮ್ಮೆ ನನ್ನ ಕಡೆ ನೋಡಿದಳು. ಬೈಯುವ ನೋಟವಲ್ಲ, ಕೇಳುವ ನೋಟವೂ ಅಲ್ಲ; ಬಸ್ಸಿಗೆ ಕಾಯುವವರು ರಸ್ತೆ ನೋಡುತ್ತಾರಲ್ಲ, ಹಾಗೆ. ನಾನು ಪೇಪರು ಮಡಿಸಿದೆ. ಅವಳು, “ಹೌದವ್ವಾ, ನನಗ ತಿಳೀಲಿಲ್ಲ” ಎಂದು ಸೆರಗಿನಿಂದ ಗಾಜು ಒರೆಸಿ ಅಡುಗೆಮನೆಗೆ ಹೋದಳು.

ನಾನು ವೈರು ಕಳಚಿದ್ದನ್ನು ಕಂಡವಳು ಅವಳೊಬ್ಬಳೇ.

ಆಗ ನನಗೆ ವೈರಿನ ತಪ್ಪು ಗೊತ್ತಿರಲಿಲ್ಲ, ಅದಂತೂ ನಿಜ. ಗೊತ್ತಾದದ್ದು ಮಾರನೆಯ ಬೆಳಿಗ್ಗೆ. ಚೈತ್ರಾ ಬಣ್ಣದ ಕುಂಚದಿಂದ ಕುಂಕುಮ ಗುಡಿಸುತ್ತ, ಪಕ್ಕದಲ್ಲಿ ಫೋನಿನಲ್ಲಿ ಒಂದು ತೆಲುಗು ವಿಡಿಯೊ ಹಾಕಿಕೊಂಡಿದ್ದಳು. ನಮ್ಮ ಸೀಮೆಯವರಿಗೆ ತೆಲುಗು ಬೇರೆ ಭಾಷೆಯಲ್ಲ, ಒಂದು ಮಾತೂ ತಪ್ಪದೆ ಕಿವಿಗೆ ಬಿತ್ತು. ಡ್ರೈವರನ್ನು ಬೈಯುವ ಮೊದಲು ಪರದೆಯ ವೈರು ಎಲ್ಲಿದೆ ನೋಡಿರಿ, ಅದು ಕೆಳಗೆ ಕಾರ್ಡಿಗೇ ಸಿಕ್ಕಿಸಿರಬೇಕು, ಮೇಲಿನ ತೂತಿಗೆ ಹಾಕಿದರೆ ಕಾರ್ಡು ಕೆಲಸವಿಲ್ಲದೆ ಕೂತಿರುತ್ತದೆ ಎಂದು ವಿಡಿಯೊದವನು ಹೇಳುತ್ತಿದ್ದ. ಚೈತ್ರಾ ಬೆರಳಿನಿಂದ ಮುಂದಕ್ಕೆ ಸರಿಸಿದಳು.

“ಇದನ್ನ ಯಾವ ದಡ್ಡ ಮಾಡ್ತಾನ ತಾತ? ನಾನ ಕೈಯಾರೆ ಕೆಳಗ ಹಾಕೀನಿ.”

“ಯಾವನರ ಇರ್ತಾನವ್ವಾ,” ಎಂದೆ.

ಆ ಗಳಿಗೆಯಲ್ಲಿ ಹೇಳಿಬಿಟ್ಟಿದ್ದರೆ ಒಂದು ನಗೆಯಲ್ಲಿ ಮುಗಿಯುತ್ತಿತ್ತು. ಈರಣ್ಣನ ಕೈ ಅಡ್ಡ ಬಂತು. ಸದ್ದು ಕೇಳಿ ಬೆಲ್ಟು ಹೇಳುವ ಮನುಷ್ಯ, ಒಂದು ವೈರನ್ನು ತಪ್ಪು ತೂತಿಗೆ ಹಾಕಿದೆ ಎಂದು ಮೊಮ್ಮಗಳ ಮುಂದೆ ಹೇಳುವುದು ಹೇಗೆ? ಅವಳು ಕಾಲೇಜಿಗೆ ಹೋಗುವ ತನಕ ಕಾದೆ. ಮನೆಯಾಕೆ ಮಹಡಿಯ ಮೇಲೆ ಮೆಣಸಿನಕಾಯಿ ಒಣಹಾಕಲು ಹೋದಳು. ಮೇಜಿನ ಹಿಂದೆ ಮಂಡಿಯೂರಿ, ಕಳ್ಳನ ಹಾಗೆ, ಮೇಲಿನ ವೈರು ಕಿತ್ತು ಕೆಳಗೆ ಸಿಕ್ಕಿಸಿದೆ. ಮೊದಲ ದಿನ ಒಪ್ಪದ ಮೊಣಕಾಲು ಆ ದಿನ ತಕರಾರಿಲ್ಲದೆ ಬಗ್ಗಿತು.

ಸಂಜೆ ಚೈತ್ರಾ ಬಂದು ಚಾಲೂ ಮಾಡಿದಳು. ಕುದುರೆ ಬೆಣ್ಣೆಯ ಮೇಲೆ ಜಾರಿದಂತೆ ಓಡಿತು. ಅವಳು ಕುಣಿದು ಹೊರಗೆ ಬಂದಳು.

“ತಾತ, ಸರಿ ಆತು! ಕುಂಕುಮದಿಂದನ ಆಗಿತ್ತು ನೋಡು! ಮುಂಜಾನಿ ಗುಡಿಸಿದೆ, ಸರಿ ಆತು!”

ನನ್ನ ಜಾಣತನದ ಫಲ ನೋಡಿ. ಗುಟ್ಟಾಗಿ ತಿದ್ದಿದರೆ ತಪ್ಪು ಮುಗಿಯಿತು ಎಂದುಕೊಂಡಿದ್ದೆ. ಗಿರಣಿಯಲ್ಲಿ ಹಾಗೆಯೇ ಇತ್ತು, ಬೆಲ್ಟು ಬಿಗಿ ಮಾಡಿದರೆ ಸದ್ದು ನಿಲ್ಲುತ್ತಿತ್ತು, ಯಂತ್ರ ಯಾರ ಮೇಲೂ ಸಿಟ್ಟು ಇಟ್ಟುಕೊಳ್ಳುತ್ತಿರಲಿಲ್ಲ. ಇಲ್ಲಿ ನಾನು ಯಂತ್ರವನ್ನು ಸರಿ ಮಾಡಿ ಮನೆಯಾಕೆಯ ತಪ್ಪಿಗೆ ರುಜುವಾತು ಒದಗಿಸಿದೆ. ಅದುವರೆಗೆ ಬರೀ ಅನುಮಾನವಿತ್ತು. ಈಗ ಸಾಬೀತಾಯಿತು.

ಚೈತ್ರಾ ಒಳ್ಳೆಯ ಹುಡುಗಿ. “ಸಿಟ್ಟಾಗಬ್ಯಾಡ ಅಜ್ಜಿ, ಬಾ, ಮಲ್ಲ ಕಾಯಾಕತ್ತಾನ” ಎಂದು ಕೈ ಹಿಡಿದು ಎಳೆದಳು.

“ಬ್ಯಾಡವ್ವಾ. ನನ್ನ ಕೈಯಿ ಸುಮ್ಮನಿರಂಗಿಲ್ಲ, ಮತ್ತ ಏನರ ಮುಟ್ಟಿಬಿಡ್ತೀನಿ. ನೀ ಆಡು.”

ಮರುದಿನವೂ ಅದೇ ಮಾತು. ಪ್ಲಾಸ್ಟಿಕ್ ಕುರ್ಚಿ ಕೆಲವು ಸಂಜೆ ಆ ಕೋಣೆಯಲ್ಲಿ ಖಾಲಿ ಇತ್ತು, ಆಮೇಲೆ ಅದರ ಮೇಲೆ ಬಟ್ಟೆಗಳು ಬಂದು ಕೂತವು. ಬತ್ತಿ ಹೊಸೆಯುವ ಕೆಲಸ ಅಡುಗೆಮನೆಯ ಮೂಲೆಗೆ ಹೋಯಿತು. ಚೈತ್ರಾ ಒಬ್ಬಳೇ ಆಡುವಾಗ ಕುದುರೆಯನ್ನು ಹೊಳೆಗೆ ಇಳಿಸುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಹೊರಗೆ ಕೂತವನಿಗೆ ನಗು ಮಾತ್ರ ಕೇಳಿಸುತ್ತಿರಲಿಲ್ಲ.

ಹೇಳಬೇಕೆಂದು ಜಾಗ ಹುಡುಕಿದೆ. ಮನೆಯಲ್ಲಿ ಆಗದ್ದು ಹೊರಗೆ ಆದೀತೆಂದು ಮನೆಯಾಕೆಯನ್ನು ಸಿರುಗುಪ್ಪಕ್ಕೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಹೇಳೋಣವೆಂದರೆ ಬಸ್ಸಿನ ಹಾಡು ಜೋರಾಗಿತ್ತು. ಅಲ್ಲಿಂದ ಕೆಂಚನಗುಡ್ಡಕ್ಕೆ ಹೋಗಿ ತುಂಗಭದ್ರೆಯ ದಂಡೆಯಲ್ಲಿ ಕೂತೆವು. ಗಂಟಲು ಸರಿಮಾಡಿಕೊಂಡೆ. ಅವಳು ನೀರು ನೋಡುತ್ತ, “ಮಲ್ಲಗ ಇಂಥಾ ಹೊಳಿ ಬೇಕಿತ್ತು” ಎಂದಳು. ನಾನು “ಮಂಡಕ್ಕಿ ತಿಂತೀಯೇನು?” ಎಂದು ಕೇಳಿ ಎದ್ದೆ.

ಆಮೇಲೆ ಅವಳ ತವರು ಕುರುಗೋಡಿನಲ್ಲಿ ಒಂದು ಮದುವೆ. ಊಟದ ನಂತರ ಹೆಂಗಸರು ಹೊಸ ಜೋಡಿಗೆ ಒಡಪು ಹೇಳಿಸಿದರು. ಒಡಪೆಂದರೆ ಗಂಡನ ಹೆಸರನ್ನೋ ಹೆಂಡತಿಯ ಹೆಸರನ್ನೋ ಒಂದು ಪ್ರಾಸದೊಳಗೆ ಕೂಡಿಸಿ ಹೇಳುವುದು. ಬಾಯಿಬಿಟ್ಟು ಹೇಳಬಾರದ ಹೆಸರಿಗೆ ಹಿರಿಯರು ಬಿಟ್ಟ ಒಂದು ಹಿತ್ತಲ ಬಾಗಿಲು. ಹುಡುಗಿಯರು ನಮ್ಮ ಮನೆಯಾಕೆಯನ್ನೂ ಹಿಡಿದರು: “ಅತ್ತೀ, ನೀನೂ ಹೇಳಬೇಕು, ಬಿಡಂಗಿಲ್ಲ!” ಅವಳು ಬಾಯಿಗೆ ಸೆರಗು ಹಿಡಿದು, ಒಂದಿಷ್ಟು ಯೋಚಿಸಿ ಹೇಳಿದಳು:

“ಗಿರಣಿ ಬಿಟ್ಟು ಬಂದ್ರೂ ಗಿರಣಿ ಸದ್ದು ಕಿವ್ಯಾಗ,
ಈರಣ್ಣನೋರಿಗೆ ನನ್ನ ಮಾತು ಬೀಳೂದು ಯಾವಾಗ?”

ಮದುವೆ ಮನೆಯೆಲ್ಲ ನಕ್ಕಿತು. “ಮಾವಾ, ಈಗ ನೀವು ಹೇಳ್ರಿ, ಅತ್ತಿ ಹೆಸರು ಹೇಳ್ರಿ!” ಎಂದು ನನ್ನ ಮೇಲೆ ಬಿದ್ದರು. ಕೈ ತೊಳೆದು ಬರುತ್ತೇನೆಂದು ಎದ್ದು ಹೋದೆ. ಊಟವಾಗಿ ಬಹಳ ಹೊತ್ತಾಗಿತ್ತು, ಕೈ ತೊಳೆದೂ ಆಗಿತ್ತು. ಮತ್ತೆ ತೊಳೆದೆ.

ಈ ಸಲದ ಆಯುಧಪೂಜೆ. ಅದೇ ತಟ್ಟೆ, ಅದೇ ಚೆಂಡುಹೂವು. ಬೈಕಿಗಾಯಿತು, ಮಿಕ್ಸರಿಗಾಯಿತು. ಮನೆಯಾಕೆ ಚೈತ್ರಾಳ ಕೋಣೆಯ ಮುಂದೆ ಬಂದಳು. ಒಳಗೆ ಹೋಗಲಿಲ್ಲ. ಒಂದು ಹೂವನ್ನು ಹೊಸ್ತಿಲ ಹೊರಗೆ ಇಟ್ಟು, ದೂರದಿಂದಲೇ ಆ ಪೆಟ್ಟಿಗೆಗೆ ಕೈ ಮುಗಿದಳು. ಒಂದು ಕಾಳು ಕುಂಕುಮವೂ ಉದುರದ ಹಾಗೆ ತಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಂಡಿದ್ದಳು. ನಾನು ಪಡಸಾಲೆಯಲ್ಲಿ ಕೂತು ನೋಡಿದೆ. ಆ ಹೊಸ್ತಿಲು ನಾನು ಕಟ್ಟಿದ್ದು.

ಅದಕ್ಕೇ ಇದನ್ನು ಬರೆದೆ. ವಾರಪತ್ರಿಕೆಯಲ್ಲಿ ಅಚ್ಚಾದರೆ ಅವಳ ಕೈಗೆ ಹೋಗುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಪುಟಗಳನ್ನು ಹಿಂದಿನಿಂದ ಶುರುಮಾಡಿ, ತುಟಿ ಅಲ್ಲಾಡಿಸುತ್ತ, ಒಂದಕ್ಷರವೂ ಬಿಡದೆ ಓದುವ ಅಭ್ಯಾಸ ಅವಳದು. ಆ ಹೊತ್ತಿಗೆ ನಾನು ಪೇಟೆಗೆ ಹೋಗಿರುತ್ತೇನೆ ಎಂದು ಮೊದಲು ಬರೆದಿದ್ದೆ. ಆ ಸಾಲನ್ನು ಹೊಡೆದುಹಾಕಿದ್ದೇನೆ. ಎದುರಿಗೇ ಕೂತಿರುತ್ತೇನೆ. ಪ್ಲಾಸ್ಟಿಕ್ ಕುರ್ಚಿಯ ಮೇಲಿನ ಬಟ್ಟೆಗಳನ್ನು ಈಗಾಗಲೇ ಮಡಿಸಿ ತೆಗೆದಿಟ್ಟಿದ್ದೇನೆ. ಫ್ಯಾನಿಗೂ ಎಣ್ಣೆ ಬಿಟ್ಟಿದ್ದೇನೆ. ಒಡಪು ಕಟ್ಟಲು ನೋಡಿದೆ, ಪ್ರಾಸ ಕೂಡಿಬರಲಿಲ್ಲ. ಪ್ರಾಸವಿಲ್ಲದೆಯೇ ಹೇಳುತ್ತೇನೆ.

ಏ, ಕೇಳಿಲ್ಲಿ. ಕುಂಕುಮದಿಂದ ಏನೂ ಆಗಿರಲಿಲ್ಲ. ವೈರ್ ತಪ್ಪು ಹಾಕಿದಾವ ನಾನು, ಗೊತ್ತಾದ ಮ್ಯಾಲೂ ಸುಮ್ಮನ ಕುಂತಾವ ನಾನು. ತಪ್ಪಾತು. ಕುದುರಿ ಇಷ್ಟು ದಿನ ನೀರು ಕುಡಿದಿಲ್ಲ, ನಡಿ ಒಳಗ, ಹಂಪಮ್ಮ.